ಚೀಟಿಗೂ ಮಾತ್ರೆಗೂ ನಡುವೆ ನಿಂತವರು

1858ರ ಅಕ್ಟೋಬರ್ ತಿಂಗಳ ಕೊನೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿ ಜೋಸೆಫ್ ನೀಲ್ ಎಂಬಾತ ಪೆಪ್ಪರಮಿಂಟು ಮಿಠಾಯಿ ಮಾಡಿ ಸಂತೆಯ ವ್ಯಾಪಾರಿಗಳಿಗೆ ಸಗಟಾಗಿ ಕೊಡುತ್ತಿದ್ದ. ಸಕ್ಕರೆ ದುಬಾರಿಯಾಗಿದ್ದ ಕಾಲ. ಜಿಪ್ಸಂನಂಥ ಯಾವುದಾದರೂ ಬಿಳಿ ಪುಡಿಯನ್ನು ಪಾಕಕ್ಕೆ ಬೆರೆಸಿ ತೂಕ ಹೆಚ್ಚಿಸುವುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ರೂಢಿ. ಆ ಪುಡಿ ತರಲು ನೀಲ್ ತನ್ನ ಮನೆಯಲ್ಲಿ ಬಾಡಿಗೆಗಿದ್ದವನೊಬ್ಬನನ್ನು ಪಕ್ಕದ ಶಿಪ್ಲಿ ಊರಿನ ಔಷಧದಂಗಡಿಗೆ ಕಳಿಸಿದ. ಅಂಗಡಿಯ ಯಜಮಾನ ಚಾರ್ಲ್ಸ್ ಹಾಡ್ಜ್‌ಸನ್ ಅಂದು ಕಾಯಿಲೆಯಿಂದ ಮಲಗಿದ್ದ. ಅಂಗಡಿಯಲ್ಲಿದ್ದವನು ವಿಲಿಯಂ ಗೊಡಾರ್ಡ್ ಎಂಬ ಸಹಾಯಕ. ಪುಡಿ ಅಟ್ಟದ ಮೂಲೆಯ ಪೀಪಾಯಿಯಲ್ಲಿದೆ ಎಂದು ಯಜಮಾನ ಹೇಳಿದ. ಸಹಾಯಕ ಹೋಗಿ ಮೂಲೆಯ ಪೀಪಾಯಿಯಿಂದ 12 ಪೌಂಡು ಬಿಳಿ ಪುಡಿಯನ್ನು ತೂಗಿ ಕೊಟ್ಟ. ಅದು ಆರ್ಸೆನಿಕ್ ಟ್ರೈಆಕ್ಸೈಡ್, ಎಂದರೆ ಶುದ್ಧ ಪಾಷಾಣ.

ಮಿಠಾಯಿ ಕಾಯಿಸಿದ ಕೆಲಸಗಾರನಿಗೇ ಅಂದು ಮೈ ಸರಿಯಿರಲಿಲ್ಲ. ಮಿಠಾಯಿಯ ಬಣ್ಣ ಎಂದಿನಂತಿಲ್ಲವೆಂದು ಸಂತೆಯ ವ್ಯಾಪಾರಿ ಚೌಕಾಸಿ ಮಾಡಿ ಕಡಿಮೆ ಬೆಲೆಗೆ ಕೊಂಡ. ಅಕ್ಟೋಬರ್ 30ರ ಶನಿವಾರ ರಾತ್ರಿ ಅದು ಮಾರಾಟವಾಯಿತು. ಮೊದಲು ಸತ್ತ ಮಕ್ಕಳನ್ನು ನೋಡಿದವರು ಕಾಲರಾ ಎಂದುಕೊಂಡರು. ನಿಜ ತಿಳಿಯುವ ಹೊತ್ತಿಗೆ ಸುಮಾರು 200 ಮಂದಿ ಹಾಸಿಗೆ ಹಿಡಿದಿದ್ದರು. ಅವರಲ್ಲಿ ಇಪ್ಪತ್ತರಷ್ಟು ಜನ ಉಳಿಯಲಿಲ್ಲ.

ನೀಲ್, ಹಾಡ್ಜ್‌ಸನ್, ಗೊಡಾರ್ಡ್ ಮೂವರ ಮೇಲೂ ಮೊಕದ್ದಮೆ ಹೂಡಲಾಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಆರ್ಸೆನಿಕ್ ಮಾರಿದ್ದಕ್ಕೆ ಲೆಕ್ಕ ಇಡಬೇಕೆಂಬ ಕಾಯ್ದೆ 1851ರಲ್ಲೇ ಬಂದಿತ್ತು. ಆದರೆ ಅದನ್ನು ಮಾರುವವನು ಏನು ಓದಿರಬೇಕು, ಏನು ತಿಳಿದಿರಬೇಕು ಎಂಬ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಔಷಧ, ವಿಷ ಎರಡನ್ನೂ ಮಾರಬಹುದಿತ್ತು. ಹತ್ತು ವರ್ಷಗಳ ನಂತರ, 1868ರಲ್ಲಿ, ಬ್ರಿಟನ್ನಿನ ಫಾರ್ಮಸಿ ಕಾಯ್ದೆ ಬಂತು. ಪಟ್ಟಿಯಲ್ಲಿರುವ ವಿಷಗಳನ್ನು ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಂಡವರು ಮಾತ್ರ ಮಾರಬೇಕು, ಪೊಟ್ಟಣದ ಮೇಲೆ ‘ವಿಷ’ ಎಂದು ಬರೆದಿರಬೇಕು, ಮಾರಿದವನ ಹೆಸರೂ ಇರಬೇಕು ಎಂದು ಅದು ಹೇಳಿತು. ಆ ಹೊತ್ತಿಗೆ ಬ್ರಾಡ್‌ಫರ್ಡಿನ ಮಕ್ಕಳು ಮಣ್ಣು ಸೇರಿ ಹತ್ತು ವರ್ಷವಾಗಿತ್ತು.

ಈ ಕಥೆಯನ್ನು ಮೊದಲಿಗೇ ಹೇಳಲು ಕಾರಣವಿದೆ. ವೈದ್ಯಕೀಯದ ದೊಡ್ಡ ಸಾಧನೆಗಳ ಪಟ್ಟಿ ಮಾಡುವಾಗ ಲಸಿಕೆ, ಅರಿವಳಿಕೆ, ಪೆನಿಸಿಲಿನ್, ಎಕ್ಸ್‌ರೇ ಎಂದು ಹೇಳುತ್ತಾ ಹೋಗುತ್ತೇವೆ. ಔಷಧ ಬರೆಯುವ ಕೈ ಬೇರೆ, ಕೊಡುವ ಕೈ ಬೇರೆ ಇರಬೇಕು, ಕೊಡುವವರೂ ತಿಳಿದವರಾಗಿರಬೇಕು ಎಂಬ ವ್ಯವಸ್ಥೆಯನ್ನು ಆ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ನನ್ನ ಪ್ರಕಾರ ಅದೂ ಅಲ್ಲಿರಬೇಕು. ವೈದ್ಯರೂ ಮನುಷ್ಯರೇ. ಅವರಿಗೂ ದಣಿವಾಗುತ್ತದೆ, ಅವಸರವಿರುತ್ತದೆ, ಒಂದು ಸೊನ್ನೆ ಹೆಚ್ಚಾಗಿ ಬೀಳುತ್ತದೆ. ಆ ಚೀಟಿ ರೋಗಿಯ ಹೊಟ್ಟೆ ಸೇರುವ ಮೊದಲು ಇನ್ನೊಬ್ಬ ತಿಳಿದವರ ಕಣ್ಣಿಗೆ ಬೀಳಬೇಕು. ಫಾರ್ಮಸಿಸ್ಟ್ ಎಂದರೆ ಆ ಎರಡನೇ ಕಣ್ಣು.

ಬಹುಕಾಲದವರೆಗೆ ಆ ಕಣ್ಣು ಎಲ್ಲೂ ಇರಲಿಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಉಪಚಾರಕ, ರೋಗಿ. ದ್ರವ್ಯವನ್ನು ಸಿದ್ಧಪಡಿಸಿ ಕೊಡುವವನಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ವೈದ್ಯನೇ ಬೇರು ತರಿಸಿ, ಅರೆದು, ಕುದಿಸಿ, ಲೇಹ್ಯ ಕಟ್ಟಿ ಕೊಡುತ್ತಿದ್ದ. ನಮ್ಮೂರುಗಳ ಗ್ರಂಧಿಗೆ ಅಂಗಡಿಗಳಲ್ಲಿ ಹಿಪ್ಪಲಿ, ಜ್ಯೇಷ್ಠಮಧು, ಅಳಲೆಕಾಯಿ, ಬಜೆ ಇಂದಿಗೂ ಸಿಗುತ್ತವೆ. ಅಲ್ಲಿ ಕೂತವರಿಗೆ ಸರಕಿನ ಗುಣ, ತಾಜಾತನ, ಕಲಬೆರಕೆಯ ಅರಿವು ಚೆನ್ನಾಗಿಯೇ ಇರುತ್ತದೆ. ಆದರೆ ವೈದ್ಯನ ಚೀಟಿಯನ್ನು ಪರಿಶೀಲಿಸುವ ಅಧಿಕಾರ ಅವರಿಗೆ ಎಂದೂ ಇರಲಿಲ್ಲ.

ಮೊದಲು ಬದಲಾವಣೆ ಕಂಡದ್ದು ಬಾಗ್ದಾದಿನಂಥ ಅರಬ್ ನಗರಗಳಲ್ಲಿ. 9ನೇ ಶತಮಾನದ ವೇಳೆಗೆ ಅಲ್ಲಿ ಔಷಧಕ್ಕೆಂದೇ ಅಂಗಡಿಗಳಿದ್ದವು. ಮುಂದೆ ಸಂತೆಯ ತೂಕ, ಅಳತೆ ನೋಡುವ ಅಧಿಕಾರಿಯೇ ಅವುಗಳನ್ನೂ ತಪಾಸಣೆ ಮಾಡುವ ಪದ್ಧತಿ ಬೆಳೆಯಿತು. 11ನೇ ಶತಮಾನದಲ್ಲಿ ಅಲ್ ಬಿರೂನಿ ಔಷಧಶಾಸ್ತ್ರದ ಮೇಲೆ ಒಂದು ದೊಡ್ಡ ಗ್ರಂಥ ಬರೆದ. ಒಂದೊಂದು ದ್ರವ್ಯಕ್ಕೂ ಗ್ರೀಕ್, ಸಿರಿಯಾಕ್, ಪರ್ಶಿಯನ್ ಭಾಷೆಗಳ ಹೆಸರುಗಳ ಜತೆ ಭಾರತದ ಹೆಸರುಗಳನ್ನೂ ಕೊಟ್ಟ. ಒಂದೇ ಹೆಸರಿನಲ್ಲಿ ಎರಡು ಗಿಡಗಳು, ಒಂದೇ ಗಿಡಕ್ಕೆ ಹತ್ತು ಹೆಸರುಗಳು ಇದ್ದ ವ್ಯಾಪಾರದಲ್ಲಿ ಹೆಸರಿನ ಗೊಂದಲವೇ ಒಂದು ಅಪಾಯವಾಗಿತ್ತು. ಆ ಅಪಾಯ ಇಂದಿಗೂ ಹೋಗಿಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕಾನೂನಿನ ಗೆರೆ ಎಳೆದವನು ಸಿಸಿಲಿಯ ದೊರೆಯೂ ಆಗಿದ್ದ ಚಕ್ರವರ್ತಿ ಎರಡನೇ ಫ್ರೆಡರಿಕ್. 13ನೇ ಶತಮಾನದ ಮೊದಲರ್ಧದಲ್ಲಿ ಅವನು ಹೊರಡಿಸಿದ ಕಟ್ಟಳೆಗಳ ಪ್ರಕಾರ ವೈದ್ಯ ಔಷಧದಂಗಡಿ ಇಟ್ಟುಕೊಳ್ಳುವಂತಿಲ್ಲ, ಅಂಗಡಿಯವನ ಜತೆ ಪಾಲುದಾರಿಕೆಯೂ ಕೂಡದು. ಅಂಗಡಿಯವನು ಪ್ರಮಾಣ ಮಾಡಿ, ನಿಗದಿಯಾದ ಲಾಭಕ್ಕೆ ಮಾತ್ರ ಮಾರಬೇಕು. ಬರೆಯುವವನಿಗೆ ಮಾರಾಟದಲ್ಲಿ ಲಾಭವಿದ್ದರೆ ಬರೆಯುವ ಕೈ ಎತ್ತ ವಾಲುತ್ತದೆ ಎಂಬುದು ಆ ಕಾಲಕ್ಕೇ ಅರ್ಥವಾಗಿತ್ತು. ಈ ಕಟ್ಟಳೆಯ ನೆರಳು ಯುರೋಪಿನ ಔಷಧ ಕಾನೂನುಗಳ ಮೇಲೆ ಶತಮಾನಗಳ ಕಾಲ ಬಿತ್ತು.

ಇನ್ನು ವಿಜ್ಞಾನದ ಮಾತು. ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಾಲಯ ಎಂಬುದೇ ಅಪರೂಪವಾಗಿದ್ದ ಕಾಲದಲ್ಲಿ ಒಲೆ, ತಕ್ಕಡಿ, ಗಾಜಿನ ಪಾತ್ರೆ, ಭಟ್ಟಿ, ಕಲಬತ್ತು ಎಲ್ಲವೂ ಒಂದೆಡೆ ಸಿಗುತ್ತಿದ್ದುದು ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ. ಕಾರ್ಲ್ ವಿಲ್ಹೆಲ್ಮ್ ಶೀಲೆ ಸ್ವೀಡನ್ನಿನ ಊರೂರುಗಳ ಔಷಧದಂಗಡಿಗಳಲ್ಲಿ ದುಡಿದವನು. ಆಮ್ಲಜನಕವನ್ನು ಬೇರ್ಪಡಿಸಿದ ಮೊದಲಿಗರಲ್ಲಿ ಅವನೊಬ್ಬ. ಕ್ಲೋರಿನ್, ಗ್ಲಿಸರಿನ್, ನಿಂಬೆಯ ಸಿಟ್ರಿಕ್ ಆಮ್ಲ ಅವನ ಕೈಯಿಂದಲೇ ಬೇರ್ಪಟ್ಟವು. 43ನೇ ವಯಸ್ಸಿಗೆ ತೀರಿಕೊಂಡ ಅವನು ಕೊನೆಯವರೆಗೂ ಅಂಗಡಿಯವನಾಗಿಯೇ ಇದ್ದ.

ಆದರೆ ನಾವು ನುಂಗುವ ಮಾತ್ರೆಗೆ ನೇರ ಪೂರ್ವಜ ಬೇಕೆಂದರೆ ಜರ್ಮನಿಯ ಪಾಡರ್‌ಬಾರ್ನ್ ಪಟ್ಟಣಕ್ಕೆ ಹೋಗಬೇಕು. 1804-05ರ ಸುಮಾರಿಗೆ ಅಲ್ಲಿನ ಅಂಗಡಿಯೊಂದರಲ್ಲಿ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಎಂಬ ಇಪ್ಪತ್ತೊಂದು ವರ್ಷದ ಹುಡುಗ ಸಹಾಯಕನಾಗಿದ್ದ. ನೋವಿಗೆ ಆಗ ಇದ್ದ ದೊಡ್ಡ ಮದ್ದು ಅಫೀಮು. ಅದರ ತೊಂದರೆ ಎಲ್ಲ ಅಂಗಡಿಯವರಿಗೂ ಗೊತ್ತಿತ್ತು. ಒಂದು ಗಡ್ಡೆಯಿಂದ ತೂಗಿ ಕೊಟ್ಟ ಅಫೀಮು ರೋಗಿಯನ್ನು ನೆಮ್ಮದಿಯಾಗಿ ಮಲಗಿಸಿದರೆ, ಇನ್ನೊಂದು ಗಡ್ಡೆಯಿಂದ ತೂಗಿದ ಅಷ್ಟೇ ಅಫೀಮು ಏನೂ ಮಾಡುತ್ತಿರಲಿಲ್ಲ. ಮೂರನೆಯದು ಉಸಿರನ್ನೇ ನಿಲ್ಲಿಸಬಹುದಿತ್ತು. ಗಸಗಸೆ ಗಿಡ ಬೆಳೆದ ನೆಲ, ಹವಾಮಾನ, ಹಾಲು ಸಂಗ್ರಹಿಸಿದ ಹೊತ್ತು, ಬೆರೆಸಿದ ಕಸ ಇವೆಲ್ಲ ಸೇರಿ ಅದರ ಶಕ್ತಿಯನ್ನು ಏರುಪೇರು ಮಾಡುತ್ತಿದ್ದವು. ತಕ್ಕಡಿ ಸರಿಯಿದ್ದರೂ ಪ್ರಮಾಣ ತಪ್ಪುತ್ತಿತ್ತು.

ಸೆರ್ಟ್ಯೂರ್ನರ್ ಅಫೀಮಿನ ರಸಕ್ಕೆ ಅಮೋನಿಯಾ ಸೇರಿಸಿದ. ತಳದಲ್ಲಿ ಹರಳುಗಳು ಕೂತವು. ಆ ಹರಳು ನೀರಿನಲ್ಲಿ ಕರಗಲಿಲ್ಲ, ಆಮ್ಲದಲ್ಲಿ ಸುಲಭವಾಗಿ ಕರಗಿತು. ಎಂದರೆ ಅದು ಕ್ಷಾರ. ಗಿಡಗಳ ಔಷಧೀಯ ಸತ್ವ ಆಮ್ಲವೇ ಆಗಿರುತ್ತದೆ ಎಂದು ನಂಬಿದ್ದ ರಸಾಯನ ವಿಜ್ಞಾನಿಗಳಿಗೆ ಇದು ಹೊಸ ಸಂಗತಿ. ಅಂಗಡಿಯ ಹುಡುಗನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬಿಡಲಿಲ್ಲ. ಮುಂದೆ ತನ್ನ ಮೇಲೂ ಮೂವರು ತರುಣರ ಮೇಲೂ ಪ್ರಯೋಗ ಮಾಡಿದ. ಅರ್ಧ ಗ್ರೇನ್, ಎಂದರೆ ಸುಮಾರು 30 ಮಿಲಿಗ್ರಾಂ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅಷ್ಟು, ಮತ್ತೆ ಕಾಲು ಗಂಟೆಗೆ ಇನ್ನಷ್ಟು. ಇಂದು ಕ್ಯಾನ್ಸರ್ ನೋವಿಗೆ ಸಾಮಾನ್ಯವಾಗಿ ಕೊಡುವ ಮಾರ್ಫಿನ್ ಮಾತ್ರೆ 10 ಮಿಲಿಗ್ರಾಮಿನದು. ನಾಲ್ವರೂ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದಾಗ ಅವನು ವಿನೆಗರ್ ಕುಡಿಸಿ ವಾಂತಿ ಮಾಡಿಸಿದ. 1817ರಲ್ಲಿ ಆ ವಿವರಗಳನ್ನು ಪ್ರಕಟಿಸಿದ ಮೇಲೆ ಯುರೋಪು ಕಣ್ಣು ತೆರೆದು ನೋಡಿತು. ಆ ಹರಳಿಗೆ ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿಟ್ಟವನೂ ಅವನೇ. ಅಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಒಪ್ಪಲೂಬಾರದು. ಆದರೆ ಗಿಡದೊಳಗಿನ ಔಷಧವನ್ನು ಶುದ್ಧವಾಗಿ ಬೇರ್ಪಡಿಸಿ ಇಷ್ಟೇ ಮಿಲಿಗ್ರಾಂ ಎಂದು ತೂಗಿ ಕೊಡಬಹುದು ಎಂಬ ಯೋಚನೆ ಗಟ್ಟಿಯಾದದ್ದು ಇಲ್ಲಿಂದಲೇ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. ಪ್ಯಾರಿಸ್ಸಿನ ಇಬ್ಬರು ಫಾರ್ಮಸಿಸ್ಟರು, ಪೆಲೆಟಿಯೆ ಮತ್ತು ಕಾವೆಂಟು, 1818ರಲ್ಲಿ ನಮ್ಮ ಕಾಸರಕದ ಕುಲದ ಬೀಜಗಳಿಂದ ಸ್ಟ್ರಿಕ್ನಿನ್ ಬೇರ್ಪಡಿಸಿದರು. 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದರು. ಆ ವಿಧಾನಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. ಮಲೇರಿಯಾ ಕಾಡುತ್ತಿದ್ದ ಎಷ್ಟೋ ದೇಶಗಳಿಗೆ ಅವರ ಆ ಉದಾರತೆ ಜೀವ ಕೊಟ್ಟಿದೆ. ಮೈಸೂರಿಗೆ ಹತ್ತಿರದ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಎದ್ದವು, ನಡುವಟ್ಟಂನಲ್ಲಿ ಕ್ವಿನೈನ್ ಕಾರ್ಖಾನೆ ಬಂತು. ಬಂಗಾಳದಲ್ಲಿ 19ನೇ ಶತಮಾನದ ಕೊನೆಯ ವೇಳೆಗೆ ಅಂಚೆ ಕಚೇರಿಗಳಲ್ಲೇ ಪೈಸೆಗೊಂದು ಪೊಟ್ಟಣದಂತೆ ಕ್ವಿನೈನ್ ಮಾರುತ್ತಿದ್ದರು. ಇತ್ತ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ತಲೆಮಾರುಗಳಿಂದ ಔಷಧದಂಗಡಿ ನಡೆಸುತ್ತಿದ್ದ ಕುಟುಂಬದ ಹೈನ್‌ರಿಕ್ ಇಮ್ಯಾನುಯೆಲ್ ಮರ್ಕ್ 1827ರಲ್ಲಿ ಮಾರ್ಫಿನ್ ತಯಾರಿಸಿ ಮಾರಲು ತೊಡಗಿದ. ಜಗತ್ತಿನ ದೊಡ್ಡ ಔಷಧ ಕಂಪನಿಗಳಲ್ಲೊಂದು ಹುಟ್ಟಿದ್ದು ಹೀಗೆ, ಅಂಗಡಿಯ ಹಿಂದಿನ ಕೋಣೆಯಲ್ಲಿ.

ಭಾರತಕ್ಕೆ ಈ ಕಸುಬು ಬ್ರಿಟಿಷರ ಜತೆ ಬಂತು, ಅರ್ಧವಾಗಿ ಬಂತು. ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಲ್ಲಿ ಯುರೋಪಿಯನ್ನರ ದೊಡ್ಡ ಔಷಧದಂಗಡಿಗಳು ತೆರೆದವು. ಜಿಲ್ಲೆ, ತಾಲೂಕುಗಳ ಆಸ್ಪತ್ರೆಗಳಿಗೆ ಸಿಕ್ಕವರು ಕಾಂಪೌಂಡರುಗಳು. ಅರವತ್ತು ದಾಟಿದ ಓದುಗರಿಗೆ ಅವರ ನೆನಪಿರುತ್ತದೆ. ಡಾಕ್ಟರ ಕೋಣೆಗೆ ತಾಗಿದ ಸಣ್ಣ ಕಿಟಕಿ. ಮನೆಯಿಂದ ಸೀಸೆ ತೊಳೆದುಕೊಂಡು ಹೋಗಬೇಕು. ಕಾಂಪೌಂಡರು ಅದರಲ್ಲಿ ಕೆಂಪು ಮಿಕ್ಸ್‌ಚರು ತುಂಬಿಸಿ, ಸೀಸೆಯ ಬೆನ್ನಿಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, “ಒಂದು ಗೆರೆ ಬೆಳಿಗ್ಗೆ, ಒಂದು ಗೆರೆ ರಾತ್ರಿ. ಚೆನ್ನಾಗಿ ಅಲ್ಲಾಡಿಸಿ ಕುಡಿಸಮ್ಮ” ಎನ್ನುತ್ತಿದ್ದರು.

ಆ ‘ಅಲ್ಲಾಡಿಸಿ’ ಎಂಬ ಮಾತಿನ ಹಿಂದೆ ಗಟ್ಟಿ ರಸಾಯನಶಾಸ್ತ್ರವಿದೆ. ಕರಗದ ಪುಡಿ ತೇಲುತ್ತಿರುವ ಔಷಧವನ್ನು ಸುಮ್ಮನೆ ಇಟ್ಟರೆ ಅದು ತಳಕ್ಕೆ ಇಳಿಯುತ್ತದೆ. ಮೊದಲ ದಿನ ರೋಗಿ ಕುಡಿಯುವುದು ಬಣ್ಣದ ನೀರು, ಕೊನೆಯ ದಿನ ಕುಡಿಯುವುದು ಇಡೀ ಸೀಸೆಯ ಔಷಧ. ಇನ್ನೂ ಅಪಾಯದ ಸಂಗತಿಯೆಂದರೆ, ಬೇರೆ ಬೇರೆಯಾಗಿ ಚೆನ್ನಾಗಿ ಕರಗಿರುವ ಎರಡು ಔಷಧಗಳು ಸೇರಿದಾಗ ಮೂರನೆಯ, ಕರಗದ ವಸ್ತುವಾಗಿ ತಳ ಸೇರಬಹುದು. ಸ್ಟ್ರಿಕ್ನಿನ್ ಬಲು ಕಡಿಮೆ ಪ್ರಮಾಣದಲ್ಲಿ ಟಾನಿಕ್ಕುಗಳಲ್ಲಿ ಬಳಕೆಯಾಗುತ್ತಿದ್ದ ಕಾಲವದು. ಆ ಟಾನಿಕ್ಕಿಗೆ ಬ್ರೋಮೈಡ್ ಬೆರೆತರೆ ಸ್ಟ್ರಿಕ್ನಿನ್ ಹರಳುಗಟ್ಟಿ ಕೆಳಗಿಳಿಯುತ್ತದೆ, ಕೊನೆಯ ಗುಟುಕು ಪ್ರಾಣ ತೆಗೆಯುತ್ತದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಇಂಗ್ಲೆಂಡಿನ ಟಾರ್ಕ್ವೇ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸ ಕಲಿತು ಪರೀಕ್ಷೆ ಪಾಸಾದ ಹೆಣ್ಣುಮಗಳೊಬ್ಬಳು ಈ ಪಾಠವನ್ನು ಮರೆಯಲಿಲ್ಲ. 1920ರಲ್ಲಿ ಪ್ರಕಟವಾದ ತನ್ನ ಮೊದಲ ಪತ್ತೇದಾರಿ ಕಾದಂಬರಿಯ ಕೊಲೆಯನ್ನು ಇದರ ಮೇಲೆಯೇ ಕಟ್ಟಿದಳು. ಅವಳು ಅಗಾಥಾ ಕ್ರಿಸ್ಟಿ. ರಸಾಯನಶಾಸ್ತ್ರ ಸರಿಯಾಗಿದೆಯೆಂದು ಫಾರ್ಮಸಿಸ್ಟರ ಪತ್ರಿಕೆಯೂ ಆ ಪುಸ್ತಕವನ್ನು ಮೆಚ್ಚಿತು.

ನಮ್ಮ ಕಾಂಪೌಂಡರುಗಳಲ್ಲಿ ಇದನ್ನೆಲ್ಲ ಅನುಭವದಿಂದ ಬಲ್ಲ ನಿಪುಣರಿದ್ದರು, ಏನೂ ಬಾರದವರೂ ಇದ್ದರು. ಅವರನ್ನು ಬೇರ್ಪಡಿಸುವ ಕಾನೂನು ಇರಲಿಲ್ಲ. ಅಂಗಡಿಗಳ ಸ್ಥಿತಿಯೂ ಅಷ್ಟೇ. ಹೊರದೇಶದಿಂದ ಬಂದ ಕಳಪೆ ಔಷಧ, ಒಳಗೆ ತಯಾರಾದ ಕಲಬೆರಕೆ, ಸತ್ವವಿಲ್ಲದ ಕ್ವಿನೈನ್ ಕುರಿತು ದೂರುಗಳು ಹೆಚ್ಚಾದಾಗ 1930ರಲ್ಲಿ ಸರ್ಕಾರ ಕಲ್ಕತ್ತಾದ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಮಾರುಕಟ್ಟೆಯ ಔಷಧ ಕೆಟ್ಟಿದೆ, ಅದನ್ನು ಕೊಡುವವರಿಗೆ ತರಬೇತಿ ಇಲ್ಲ, ಎರಡಕ್ಕೂ ಕಾನೂನು ಬೇಕು ಎಂಬುದು ಮರುವರ್ಷ ಬಂದ ವರದಿಯ ಸಾರ. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಲ್. ಶ್ರಾಫ್ ಔಷಧ ವಿಜ್ಞಾನದ ಬೋಧನೆಗೆ ತಳಪಾಯ ಹಾಕಿದರು. 1940ರಲ್ಲಿ ಔಷಧ ಕಾಯ್ದೆ, 1945ರಲ್ಲಿ ಅದರ ನಿಯಮಗಳು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಐದು ವರ್ಷ ಔಷಧ ಬೆರೆಸಿ ಕೊಟ್ಟ ಅನುಭವವಿದ್ದ ಹಳೆಯ ಕಾಂಪೌಂಡರುಗಳಿಗೂ ಮೊದಲ ನೋಂದಣಿಯಲ್ಲಿ ಜಾಗ ಸಿಕ್ಕಿತು. ಮುಂದಿನವರು ಓದಿಯೇ ಬರಬೇಕಾಯಿತು. ಇಂದು ಡಿ.ಫಾರ್ಮ್‌ಗೆ ಎರಡು ವರ್ಷದ ಓದು, ಅದರ ಮೇಲೆ 500 ಗಂಟೆಗಳ ತರಬೇತಿ. ಬಿ.ಫಾರ್ಮ್ ನಾಲ್ಕು ವರ್ಷ, 2008ರಲ್ಲಿ ಶುರುವಾದ ಫಾರ್ಮ್.ಡಿ. ಆರು ವರ್ಷ.

ಈ ಕಾನೂನುಗಳು ಬರುವ ಹೊತ್ತಿಗೆ ಕಸುಬೇ ಬದಲಾಗುತ್ತಿತ್ತು. ಅಂಗಡಿಯಲ್ಲಿ ಅರೆದು ಬೆರೆಸುವ ಕೆಲಸವನ್ನು ಕಾರ್ಖಾನೆ ಕಿತ್ತುಕೊಂಡಿತು. ಮಾತ್ರೆಗಳು ಅಳತೆ ಸಮೇತ, ಹಾಳೆಯಲ್ಲಿ ಮೊಹರಾಗಿ ಬಂದವು. ಇನ್ನು ಓದಿದವರು ಯಾತಕ್ಕೆ, ಚೀಟಿಯಲ್ಲಿನ ಹೆಸರು ಓದಿ ಸ್ಟ್ರಿಪ್ಪು ತೆಗೆದುಕೊಡಲು ಯಾರಾದರೂ ಸಾಕಲ್ಲ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಶಿಪ್ಲಿಯ ಆ ಅಂಗಡಿಯಲ್ಲೂ ಇದೇ ನಂಬಿಕೆ ಇತ್ತು. ಇಂದಿನ ಔಷಧಗಳಾದರೋ ಅಂದಿನವುಗಳಿಗಿಂತ ಎಷ್ಟೋ ಶಕ್ತಿಶಾಲಿ. ತಪ್ಪುವ ದಾರಿಗಳೂ ಹೆಚ್ಚು. ಕೆಲವನ್ನು ನೋಡೋಣ.

ಇನ್ಸುಲಿನ್ ಸೀಸೆಗಳು ನಮ್ಮ ದೇಶದಲ್ಲಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತವೆ. ಒಂದು ಮಿಲಿಲೀಟರಿಗೆ 40 ಯುನಿಟ್ ಇರುವುದು ಒಂದು, 100 ಯುನಿಟ್ ಇರುವುದು ಇನ್ನೊಂದು. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಡಾಕ್ಟರು 20 ಯುನಿಟ್ ಬರೆದಿದ್ದಾರೆ. ಸೀಸೆ 100ರದು, ಅಂಗಡಿಯ ಹುಡುಗ ಕೊಟ್ಟದ್ದು ಕೆಂಪು ಮುಚ್ಚಳದ ಸಿರಿಂಜು. ರೋಗಿ ಶ್ರದ್ಧೆಯಿಂದ 20ರ ಗೆರೆವರೆಗೆ ಎಳೆದುಕೊಂಡರೆ ಒಳಗೆ ಬಂದದ್ದು ಅರ್ಧ ಮಿಲಿಲೀಟರು, ಎಂದರೆ 50 ಯುನಿಟ್. ಎರಡೂವರೆ ಪಟ್ಟು. ಬೆವರು, ನಡುಕ, ಆಮೇಲೆ ಪ್ರಜ್ಞೆ ತಪ್ಪುವುದು. ಡಾಕ್ಟರ ಬರಹ ಸರಿ, ಔಷಧ ಸರಿ, ರೋಗಿಯ ಕೈಯೂ ಸರಿ. ಕೌಂಟರಿನ ಮೇಲೆ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಇರಲಿಲ್ಲ, ಅಷ್ಟೇ.

ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ನೋಡಿ. ಹನಿ ಹಾಕುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಎಂದರೆ ಮಿಲಿಲೀಟರಿಗೆ 25. ಕೂಸುಗಳಿಗೆಂದು ಮಾಡಿದ ಡ್ರಾಪ್ಸ್ ತೆಳುವಾಗಿರುತ್ತದೆ ಎಂದು ತಾಯಂದಿರು ಭಾವಿಸುವುದು ಸಹಜ. ನಿಜದಲ್ಲಿ ಅದು ನಾಲ್ಕು ಪಟ್ಟು ಗಟ್ಟಿ. ಹತ್ತು ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಬೇಕೆಂದರೆ ಸಿರಪ್ಪಿನಲ್ಲಿ 6 ಮಿಲಿಲೀಟರು, ಡ್ರಾಪ್ಸ್‌ನಲ್ಲಿ ಒಂದೂವರೆ. ಹಳೆಯ ಅಳತೆಯ ನೆನಪಿನಲ್ಲಿ ಹೊಸ ಸೀಸೆಯಿಂದ 6 ಮಿಲಿಲೀಟರು ಕುಡಿಸಿದರೆ 600 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಇದೇ ಔಷಧ ದೊಡ್ಡವರಿಗೂ ಬಚ್ಚಿಟ್ಟ ಅಪಾಯ. ನೆಗಡಿಯ ಮಾತ್ರೆಯಲ್ಲಿ, ಮೈಕೈ ನೋವಿನ ಮಾತ್ರೆಯಲ್ಲಿ, ಜ್ವರದ ಮಾತ್ರೆಯಲ್ಲಿ ಬೇರೆ ಬೇರೆ ಹೆಸರಿನಡಿ ಅದೇ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಅದನ್ನು ಬಹಳ ಮೀರಿದರೆ ಯಕೃತ್ತು ಅದನ್ನು ಒಡೆಯುವಾಗ ಹುಟ್ಟುವ ವಿಷವಸ್ತುವನ್ನು ತಣಿಸುವ ಗ್ಲುಟಾಥಯಾನ್ ಖಾಲಿಯಾಗುತ್ತದೆ, ಯಕೃತ್ತಿನ ಕೋಶಗಳೇ ಸಾಯುತ್ತವೆ. ಬ್ರಿಟನ್ 1998ರಲ್ಲಿ ಸಾಮಾನ್ಯ ಅಂಗಡಿಗಳಲ್ಲಿ ಒಂದು ಪೊಟ್ಟಣಕ್ಕೆ 16, ಫಾರ್ಮಸಿಗಳಲ್ಲಿ 32 ಮಾತ್ರೆಗಳ ಮಿತಿ ಹಾಕಿತು. ಪ್ಯಾರಾಸಿಟಮಾಲ್ ಅತಿಸೇವನೆಯ ಸಾವುಗಳು ಆ ಬಳಿಕ ಇಳಿದವು.

ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಇನ್ನೊಂದು. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮಾತ್ರೆ ಎಂದರೆ ದಿನಾ ನುಂಗುವುದು ಎಂಬ ರೂಢಿಯಿಂದ ರೋಗಿ ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಎಲುಬಿನ ಮಜ್ಜೆ ರಕ್ತಕಣ ತಯಾರಿಸುವುದನ್ನು ನಿಲ್ಲಿಸುತ್ತದೆ, ಜೀವ ಹೋಗಬಹುದು. “ಅಜ್ಜೀ, ಇದು ಸೋಮವಾರ ಮಾತ್ರ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಳ್ಳಿ” ಎಂಬ ಒಂದು ಮಾತು ಆ ಜೀವವನ್ನು ಉಳಿಸುತ್ತದೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಮಂಡಿನೋವೆಂದು ಅಂಗಡಿಗೆ ಬಂದು ನೋವಿನ ಮಾತ್ರೆ ಕೇಳಿದರೆ, ಅದನ್ನು ಸುಮ್ಮನೆ ಕೊಡುವುದೆಂದರೆ ಹೊಟ್ಟೆಯೊಳಗೆ ರಕ್ತಸ್ರಾವಕ್ಕೆ ದಾರಿ ಮಾಡಿದಂತೆ. ಥೈರಾಯ್ಡ್ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಕರುಳಿನಲ್ಲಿ ಅವೆರಡೂ ಅಂಟಿಕೊಂಡು ಥೈರಾಯ್ಡ್ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಡುವೆ ನಾಲ್ಕು ಗಂಟೆ ಬಿಡಬೇಕು. ಆ ಎರಡು ಚೀಟಿಗಳನ್ನು ಇಬ್ಬರು ಬೇರೆ ಬೇರೆ ಡಾಕ್ಟರು ಬರೆದಿರುತ್ತಾರೆ. ಎರಡೂ ಒಂದು ಕಡೆ ಸೇರುವುದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಮಾತ್ರ.

ಹೆಸರಿನ ಗೊಂದಲದ ಬಗ್ಗೆ ಹೇಳುತ್ತೇನೆ ಎಂದಿದ್ದೆ. 2001ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ವ್ಯಾಜ್ಯ ಬಂತು. ಮಿದುಳು ಮಲೇರಿಯಾಕ್ಕೆ ಬಳಸುವ ಎರಡು ಔಷಧಗಳು, ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್. ಬೇರೆ ಸರಕುಗಳ ಹೆಸರು ಹೋಲುವುದಕ್ಕಿಂತ ಔಷಧಗಳ ಹೆಸರು ಹೋಲುವುದು ಹೆಚ್ಚು ಅಪಾಯಕಾರಿ, ಅಲ್ಲಿ ಅಳತೆಗೋಲು ಇನ್ನೂ ಕಟ್ಟುನಿಟ್ಟಾಗಿರಬೇಕು ಎಂದು ಕೋರ್ಟು ಹೇಳಿತು. ಹಲವು ಭಾಷೆಗಳ ಈ ದೇಶದಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರು ಎಲ್ಲರಿಗೂ ಒಂದೇ ರೀತಿ ಕೇಳಿಸುವುದಿಲ್ಲ ಎಂಬುದನ್ನೂ ಗಮನಿಸಿತು. ಸಾವಿರಾರು ಬ್ರಾಂಡುಗಳ ನಡುವೆ, ಗೀಚಿದ ಅಕ್ಷರದಲ್ಲಿ, ಕೊನೆಯ ತಡೆ ಓದಿದ ಫಾರ್ಮಸಿಸ್ಟರೇ.

ಔಷಧಕ್ಕೆ ಬಿಸಿಲು, ಸೆಖೆಯೂ ವೈರಿ. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು, ಅದು ಮಂಜುಗಡ್ಡೆಯಾದರೂ ಕೆಟ್ಟಿತು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯ ಸತ್ವ ಆವಿಯಾಗಿ ಹೋಗುವ ಸ್ವಭಾವದ್ದು. ಅದನ್ನು ಮೂಲ ಗಾಜಿನ ಸೀಸೆಯಿಂದ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ, ಬೇಕಾದ ರಾತ್ರಿ ಕೆಲಸ ಮಾಡದೆ ಹೋಗಬಹುದು. ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಮಾತ್ರೆ ಕೊಡುವಾಗ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಉಳಿದ ತುಂಡಿನಲ್ಲೇ ಉಳಿದುಹೋಗುತ್ತದೆ. ಇದು ದಿನವೂ ನಡೆಯುತ್ತದೆ.

ನಿಯಮಗಳು ನಮ್ಮಲ್ಲಿ ಸಾಕಷ್ಟಿವೆ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಅಥವಾ ಅವರ ಖುದ್ದು ಉಸ್ತುವಾರಿಯಲ್ಲೇ ಕೊಡಬೇಕು. ಶೆಡ್ಯೂಲ್ ಎಚ್ ಎಂದರೆ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿ; ಅದರಲ್ಲಿರುವ ಔಷಧವನ್ನು ಬರೆದಿದ್ದರೆ ಅದರ ಬದಲು ಬೇರೆಯದನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಜಾರಿಯಲ್ಲಿದೆ. ಬಲವಾದ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಕೆಲವು ಮಾತ್ರೆಗಳು ಸೇರಿ ಆರಂಭದಲ್ಲಿ 46 ಔಷಧಗಳು ಅದರಲ್ಲಿದ್ದವು. ಅವನ್ನು ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದು ಮೂರು ವರ್ಷ ದಾಖಲೆ ಇಡಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಹೇಳುವುದನ್ನೂ ಫಾರ್ಮಸಿಸ್ಟರ ಕರ್ತವ್ಯವಾಗಿಸಿವೆ.

ಆದರೂ ಎಷ್ಟೋ ಅಂಗಡಿಗಳಲ್ಲಿ ಗೋಡೆಯ ಮೇಲೆ ಸರ್ಟಿಫಿಕೇಟು ಇರುತ್ತದೆ, ಅದರ ಒಡೆಯರು ಇರುವುದಿಲ್ಲ. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ಬೇರೆಡೆ ಕೆಲಸ ಮಾಡುವುದು ಈ ಕಸುಬಿನ ಒಳಗಿನವರಿಗೆಲ್ಲ ಗೊತ್ತಿರುವ ರೋಗ. “ಅಣ್ಣಾ, ಗಂಟಲುನೋವಿಗೆ ಏನಾದ್ರೂ ಕೊಡಿ” ಎಂದರೆ ಮೂರು ಆಂಟಿಬಯಾಟಿಕ್ ಮಾತ್ರೆ ಕೈಗೆ ಬರುತ್ತದೆ. ಬಹುಪಾಲು ಗಂಟಲುನೋವು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ತಾಗುವುದೇ ಇಲ್ಲ. ಮೈಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಜಗ್ಗದವು ಮಾತ್ರ ಉಳಿದು ಬೆಳೆಯುತ್ತವೆ. ನಾಳೆ ನಿಜವಾಗಿ ಬೇಕಾದಾಗ ಅದೇ ಔಷಧ ಸೋಲುತ್ತದೆ.

ಇದರ ದೋಷವನ್ನು ಅಂಗಡಿಯವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. 2013ರ ಬೆಲೆ ನಿಯಂತ್ರಣ ಆದೇಶ ಪಟ್ಟಿಯಲ್ಲಿರುವ ಅಗತ್ಯ ಔಷಧಗಳಿಗೆ ಚಿಲ್ಲರೆ ಅಂಗಡಿಯವರ ಪಾಲು ಶೇ. 16 ಎಂದು ಲೆಕ್ಕ ಹಾಕುತ್ತದೆ. ಮಾರಿದ ಮಾತ್ರೆಗೆ ಆ ಪಾಲು ಸಿಗುತ್ತದೆ. ಐದು ನಿಮಿಷ ಕೂತು ಎರಡು ಚೀಟಿ ಹೋಲಿಸಿ, “ಈ ಮಾತ್ರೆ ನಿಮಗೆ ಬೇಡಮ್ಮ, ಡಾಕ್ಟರಿಗೆ ಒಮ್ಮೆ ಫೋನು ಮಾಡೋಣ” ಎಂದು ತಡೆದವರಿಗೆ ಒಂದು ಪೈಸೆಯೂ ಸಿಗುವುದಿಲ್ಲ, ಬದಲಿಗೆ ಒಂದು ವ್ಯಾಪಾರ ಹೋಗುತ್ತದೆ. ತಿಳಿವಳಿಕೆಗೆ ಬೆಲೆ ಕಟ್ಟದೆ ಸರಕಿಗೆ ಮಾತ್ರ ಬೆಲೆ ಕಟ್ಟಿದರೆ ಫಾರ್ಮಸಿಸ್ಟರು ಕೌಂಟರ್ ಬಿಟ್ಟು ಕಾರ್ಖಾನೆಗೆ, ಔಷಧ ಕಂಪನಿಯ ಮಾರಾಟ ವಿಭಾಗಕ್ಕೆ, ವಿದೇಶಕ್ಕೆ ಹೋಗುತ್ತಾರೆ. ಹೋಗುತ್ತಲೂ ಇದ್ದಾರೆ. ಈ ಕೊರತೆಯ ನಡುವೆಯೂ ಸರ್ಕಾರಿ ಆಸ್ಪತ್ರೆಯ ಔಷಧ ಕಿಟಕಿಯಲ್ಲಿ, 2008ರಿಂದ ಶುರುವಾದ ಜನೌಷಧಿ ಕೇಂದ್ರಗಳಲ್ಲಿ, ಸಣ್ಣ ಊರಿನ ಮೆಡಿಕಲ್ ಶಾಪುಗಳಲ್ಲಿ ಪ್ರತಿ ಚೀಟಿಯನ್ನೂ ಓದಿ, ಕೇಳಿ, ಕನ್ನಡದಲ್ಲಿ ಲಕೋಟೆಯ ಮೇಲೆ ಬರೆದುಕೊಡುವ ಫಾರ್ಮಸಿಸ್ಟರು ಇದ್ದಾರೆ. ಅವರಿಗೆ ಸಿಗಬೇಕಾದ ಗೌರವ ನಮ್ಮಿಂದ ಸಿಕ್ಕಿಲ್ಲ.

ನೀವು ಮಾಡಬಹುದಾದದ್ದು ಇದು. ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋದಾಗ ಗೋಡೆಯ ಮೇಲಿನ ಲೈಸೆನ್ಸು ಮತ್ತು ನೋಂದಣಿ ಪತ್ರ ನೋಡಿ. ಅವನ್ನು ಗ್ರಾಹಕರಿಗೆ ಕಾಣುವಂತೆ ಹಾಕಬೇಕೆಂಬುದು ನಿಯಮ. ಬಿಳಿ ಕೋಟು, ಹೆಸರಿನ ಬ್ಯಾಡ್ಜು ಹಾಕಿದ ಫಾರ್ಮಸಿಸ್ಟರು ಯಾರು ಎಂದು ಕೇಳಿ. ನೀವು ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದೆ ಇಡಿ. ಇದನ್ನು ಯಾವಾಗ, ಎಷ್ಟು ದಿನ, ಯಾವುದರ ಜತೆ ತೆಗೆದುಕೊಳ್ಳಬಾರದು ಎಂದು ಕೇಳಿ. ಬಿಲ್ಲು ಪಡೆಯಿರಿ, ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ದಿನಾಂಕವಿದೆಯೇ ನೋಡಿ. ಉತ್ತರ ಹೇಳಬಲ್ಲವರು ಅಲ್ಲಿ ಇಲ್ಲವೆಂದಾದರೆ, ಎರಡು ಬೀದಿ ದೂರವಾದರೂ ಸರಿ, ಇರುವ ಅಂಗಡಿಗೆ ಹೋಗಿ.